ಬಾಳೆಕಂದು ಕಟ್ಟಿದ ಆ್ಯಸಿಡ್ ಟ್ಯಾಂಕು

ವರ್ಷವಿಡೀ ನಾನು ಕಾರ್ಖಾನೆಗೆ ಹೋಗುವುದು ಒಂದೇ ವೇಷದಲ್ಲಿ. ಚೂಡಿದಾರ, ಅದರ ಮೇಲೊಂದು ಖಾಕಿ ಕೋಟು, ಕಾಲಿಗೆ ಕಬ್ಬಿಣದ ಮೂತಿಯ ಬೂಟು. ಆಯುಧಪೂಜೆಯ ದಿನ ಮಾತ್ರ ರೇಷ್ಮೆ ಸೀರೆ. ಆ ವರ್ಷ ಅಮ್ಮನ ಪಚ್ಚೆ ಬಣ್ಣದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಜಯಲಕ್ಷ್ಮಿಪುರಂನಿಂದ ಕಡಕೊಳದವರೆಗೂ ಸ್ಕೂಟರಿನಲ್ಲಿ ಸೆರಗು ಸಿಕ್ಕಿಸಿಕೊಂಡು ಹೋಗಿದ್ದೆ. ಅದೇ ಸೀರೆಯಲ್ಲಿ ಆ್ಯಸಿಡ್ಡಿನ ಕಟ್ಟೆಗೆ ಇಳಿಯಬೇಕಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಹಳೆಯ ಹತ್ತಿ ಸೀರೆಯನ್ನಾದರೂ ಉಡುತ್ತಿದ್ದೆ.

ನಮ್ಮದು ಬೋಲ್ಟು, ನಟ್ಟುಗಳ ತುಕ್ಕು ತೆಗೆದು ಸತುವಿನ ಲೇಪ ಕೊಡುವ ಸಣ್ಣ ಕಾರ್ಖಾನೆ. ತುಕ್ಕು ತೆಗೆಯಲು ಹೈಡ್ರೋಕ್ಲೋರಿಕ್ ಆ್ಯಸಿಡ್ ಬೇಕು. ಅದನ್ನು ತುಂಬಿಡುವ ಫೈಬರ್ ಟ್ಯಾಂಕು ಹಿತ್ತಲಲ್ಲಿದೆ, ಎರಡಾಳೆತ್ತರ. ಟ್ಯಾಂಕು ಸೋರಿದರೆ ಅಷ್ಟನ್ನೂ ಹಿಡಿದಿಡಲು ಸುತ್ತ ಒಂದು ಕಟ್ಟೆ. ಕಟ್ಟೆಯೊಳಗೆ ಮಳೆನೀರು ನಿಂತರೆ ಹೊರಗೆ ಬಿಡಲು ಒಂದು ವಾಲ್ವು, ವಾಲ್ವಿನಾಚೆ ಸಿಮೆಂಟಿನ ಚರಂಡಿ. ಆ ಚರಂಡಿ ಪಡುವಣ ಕಾಂಪೌಂಡಿನ ತೂತಿನಲ್ಲಿ ಹೊರಬಿದ್ದು, ಮಣ್ಣಿನ ಕಾಲುವೆಯಾಗಿ ಹರಿದು ಒಂದು ಹೊಂಡ ಸೇರುತ್ತದೆ. ಆ ಹೊಂಡವನ್ನೇ ನಂಬಿಕೊಂಡು ಅಲ್ಲಿ ಒಬ್ಬ ಹೆಂಗಸು ಅರ್ಧ ಎಕರೆ ಸೇವಂತಿಗೆ ಬೆಳೆಯುತ್ತಾರೆ, ಎರಡು ಹಸು ಸಾಕಿಕೊಂಡಿದ್ದಾರೆ. ನಮ್ಮ ಪೂಜೆಗೆ ಹೂವು ಬರುವುದೂ ಅವರ ತೋಟದಿಂದಲೇ, ಅದಕ್ಕೇ ನಾವೆಲ್ಲ ಅವರನ್ನು ಹೂವಮ್ಮ ಎನ್ನುವುದು.

ನಾನು ಅಲ್ಲಿನ ಕೆಮಿಸ್ಟ್. ಕೊಳೆನೀರು ಶುದ್ಧೀಕರಿಸುವ ಘಟಕ ನೋಡಿಕೊಳ್ಳುವುದು ನನ್ನ ಕೆಲಸ. ಸಣ್ಣ ಕಾರ್ಖಾನೆಯಾದ್ದರಿಂದ ಸುರಕ್ಷತೆಯ ಹೊಣೆಯನ್ನೂ ನನ್ನ ತಲೆಗೇ ಕಟ್ಟಿದ್ದರು. ಹೆಲ್ಮೆಟ್ ಹಾಕದವರನ್ನು ಗದರುವುದು, ಬೋರ್ಡು ಬರೆಸುವುದು, ತಿಂಗಳಿಗೊಮ್ಮೆ ಅಣಕು ಕವಾಯತು ಮಾಡಿಸುವುದು. ಇದನ್ನೆಲ್ಲ ನಾನು ಭಾರೀ ಶಿಸ್ತಿನಿಂದ ಮಾಡುತ್ತಿದ್ದೆ. ಹಿಂದಿನಿಂದ ನನ್ನನ್ನು ಹೆಡ್ಮಿಸ್ ಅನ್ನುತ್ತಿದ್ದರೆಂದೂ ಗೊತ್ತಿತ್ತು.

ಪೂಜೆಯ ಹಿಂದಿನ ಸಂಜೆ ಅಲಂಕಾರದ ತಂಡದವರು ಟ್ಯಾಂಕಿನ ಹತ್ತಿರ ನಿಂತು ನನ್ನನ್ನು ಕೂಗಿದರು. ಎಲ್ಲ ಯಂತ್ರಕ್ಕೂ ಬಾಳೆಕಂದು ಕಟ್ಟಿಯಾಗಿತ್ತು. ದುಂಡನೆಯ ಈ ಟ್ಯಾಂಕಿಗೆ ಎಲ್ಲಿ ಕಟ್ಟುವುದು? ಒಳಗೆ ಎಷ್ಟು ಆ್ಯಸಿಡ್ ಇದೆ ಎಂದು ನೋಡಲು ಟ್ಯಾಂಕಿನ ಪಕ್ಕ ಪಾರದರ್ಶಕ ಪ್ಲಾಸ್ಟಿಕ್ಕಿನ ಉದ್ದ ನಳಿಗೆ ಇದೆ. ಬುಡದಲ್ಲಿ ಹೆಬ್ಬೆರಳು ಗಾತ್ರದ ತುಂಡು ಪೈಪೊಂದು ಅದನ್ನು ಟ್ಯಾಂಕಿಗೆ ಸೇರಿಸುತ್ತದೆ. "ಆ ನಳಿಗೆಗೇ ಕಟ್ಟಿ, ನೆಟ್ಟಗೆ ನಿಂತ್ಕೊಳ್ಳತ್ತೆ" ಅಂದೆ. ಗೊನೆ ಬಿಡಲು ಬಂದ ದೊಡ್ಡ ಕಂದು, ಮೇಲೆ ಅಗಲವಾದ ಎಲೆಗಳು. ಕಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಚೆನ್ನಾಗಿದೆ ಎಂದು ಫೋಟೋ ಬೇರೆ ತೆಗೆದುಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದಿದ್ದು ಹೀಗೆ.

ಮರುದಿನ ಹತ್ತೂವರೆಯ ಹೊತ್ತು. ಯಂತ್ರಗಳು ನಿಂತಿದ್ದವು. ಕೆಲವರ ಮನೆಯವರೂ ಮಕ್ಕಳೂ ಬಂದಿದ್ದರು. ಅಂಗಳದಲ್ಲಿ ರಂಗೋಲಿ ಸ್ಪರ್ಧೆಗೆ ಚೌಕ ಬರೆದಿಟ್ಟು, ಪೂಜೆ ಮುಗಿದ ಮೇಲೆ ಸ್ಪರ್ಧೆ ಎಂದು ತೀರ್ಮಾನವಾಗಿತ್ತು. ಎಲ್ಲರೂ ಚಪ್ಪಲಿ, ಬೂಟು ಬಿಟ್ಟು ಬರಿಗಾಲಲ್ಲಿ ಅಯ್ನೋರ ದಾರಿ ಕಾಯುತ್ತಿದ್ದೆವು. ಮ್ಯಾನೇಜರ್ ಜರತಾರಿ ಪಂಚೆಯುಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬೂದುಗುಂಬಳಕಾಯಿಯ ಪಕ್ಕ ನಿಂತಿದ್ದರು. ಗಾಳಿ ಆಗಾಗ ರಭಸವಾಗಿ ಬೀಸುತ್ತಿತ್ತು. ಸಾಂಬ್ರಾಣಿಯ ಹೊಗೆಯ ನಡುವೆ ನನ್ನ ಮೂಗಿಗೆ ಇನ್ನೊಂದು ವಾಸನೆ ತಾಕಿತು. ಚುಚ್ಚುವ, ಗಂಟಲು ಹಿಡಿಯುವ ವಾಸನೆ. ಆರು ವರ್ಷದಿಂದ ಬಲ್ಲ ವಾಸನೆ. ತಿರುಗಿ ನೋಡಿದರೆ ಹಿತ್ತಲಿನಲ್ಲಿ ನೆಲದ ಮಟ್ಟಕ್ಕೆ ಬಿಳಿ ಹೊಗೆ ತೆವಳುತ್ತಿದೆ.

ಗಾಳಿಗೆ ಬಾಳೆಕಂದು ವಾಲಿ, ನಳಿಗೆಯನ್ನೂ ಎಳೆದುಕೊಂಡು ಬಿದ್ದಿತ್ತು. ಬುಡದ ಪೈಪು ಟ್ಯಾಂಕಿನ ಅಂಚಿಗೇ ಮುರಿದಿತ್ತು. ಮುಚ್ಚೋಣವೆಂದರೆ ಅಲ್ಲಿದ್ದ ಪುಟ್ಟ ವಾಲ್ವು ಮುರಿದ ತುಂಡಿನ ಜೊತೆಯಲ್ಲೇ ಹೋಗಿತ್ತು. ಹೆಬ್ಬೆರಳು ಗಾತ್ರದ ಧಾರೆ ಆ್ಯಸಿಡ್ ಕಟ್ಟೆಯೊಳಗೆ ಸುರಿಯುತ್ತಿತ್ತು. ಕಟ್ಟೆಯೊಳಗೆ ಸುರಿದರೆ ಕಟ್ಟೆ ಹಿಡಿದಿಡುತ್ತದೆ, ಅದಕ್ಕೇ ಅಲ್ಲವೇ ಕಟ್ಟಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕಟ್ಟೆಯೊಳಗೆ ಆ್ಯಸಿಡ್ ನಿಲ್ಲುತ್ತಿರಲಿಲ್ಲ. ಪೂಜೆಗೆಂದು ಹಿಂದಿನ ದಿನ ಕಟ್ಟೆಯನ್ನು ತಿಕ್ಕಿ ತೊಳೆದವರು ನೀರು ಹೋಗಲೆಂದು ವಾಲ್ವು ತೆಗೆದಿದ್ದರು, ಮುಚ್ಚಿರಲಿಲ್ಲ. ಮೇಲೆ ಬೆಳ್ಳಿ ಬಣ್ಣ ಬೇರೆ ಬಳಿದಿದ್ದರು. ತೆರೆದಿದೆ, ಮುಚ್ಚಿದೆ ಎಂದು ತೋರಿಸುವ ಕೆಂಪು ಹಸಿರು ಗುರುತುಗಳೆಲ್ಲ ಬಣ್ಣದಡಿ ಸೇರಿದ್ದವು. ಆ್ಯಸಿಡ್ ನೇರ ಚರಂಡಿಗೆ ಇಳಿದು ಪಡುವಣ ಗೋಡೆಯ ಕಡೆ ಹೊರಟಿತ್ತು. ಗೋಡೆಯಾಚೆ ಹೊಂಡ.

ಮೊದಲು ಜನ. ಗಾಳಿಯ ದಿಕ್ಕು ತಿಳಿಯಲು ಚಾವಣಿಯ ಮೇಲೆ ನೋಡಿದರೆ ಕಂಬ ಬೋಳು. ದಿಕ್ಕು ತೋರಿಸಲು ಅಲ್ಲಿ ಹಾರಾಡುವ ಬಟ್ಟೆಯ ಗಾಳಿಚೀಲವನ್ನೂ ಹಬ್ಬಕ್ಕೆಂದು ಒಗೆದು ತಂತಿಯ ಮೇಲೆ ಒಣಹಾಕಿದ್ದರು! ಸಾಂಬ್ರಾಣಿಯ ಹೊಗೆ ನಂಜನಗೂಡಿನ ಕಡೆಗೆ ವಾಲುತ್ತಿತ್ತು. ಬೆಟ್ಟ ಅದಕ್ಕೆ ಎದುರು ದಿಕ್ಕು, ಅಷ್ಟು ಸಾಕಾಯಿತು.

"ಎಲ್ಲಾ ಬೆಟ್ಟ ಕಾಣೋ ಕಡೆಗೆ ನಡೀರಿ! ಚಾಮುಂಡಿ ಬೆಟ್ಟಕ್ಕೆ ಮುಖ ಮಾಡಿ ನಡೀರಿ, ತಿರುಗಿ ನೋಡ್ಬೇಡಿ!" ಎಂದು ಕಿರುಚಿದೆ. "ಬರಿಗಾಲಲ್ಲಿ ಯಾರೂ ಹೋಗ್ಬೇಡಿ, ಯಾರದ್ದಾದ್ರೂ ಆಗ್ಲಿ, ಸಿಕ್ಕಿದ್ದು ಹಾಕ್ಕೊಳ್ಳಿ!"

ಎಷ್ಟು ಸಲ ಕವಾಯತು ಮಾಡಿಸಿದ್ದರೂ 'ಗಾಳಿಗೆ ಎದುರು ದಿಕ್ಕು' ಎಂದರೆ ನಾಲ್ಕು ಕಡೆ ಓಡುತ್ತಿದ್ದ ಜನ, ಬೆಟ್ಟ ಎಂದ ಕೂಡಲೇ ಒಂದೇ ದಿಕ್ಕಿಗೆ ಹೊರಟರು. ಮೈಸೂರಿನವರಿಗೆ ಬೆಟ್ಟ ಯಾವ ಕಡೆ ಎಂದು ಹೇಳಿಕೊಡಬೇಕೇ? ಮ್ಯಾನೇಜರ್ ಒಂದು ಕಾಲಿಗೆ ತಮ್ಮದೂ ಇನ್ನೊಂದಕ್ಕೆ ಯಾರದೋ ಹೆಂಗಸರ ಚಪ್ಪಲಿಯೂ ಹಾಕಿಕೊಂಡು ಫೋನಿನಲ್ಲಿ ಅಗ್ನಿಶಾಮಕದವರನ್ನು ಕರೆಯುತ್ತಿದ್ದರು.

ಲೇಪನದ ವಿಭಾಗದಲ್ಲಿ ಕೆಲಸ ಮಾಡುವ ಒಬ್ಬಾಕೆ ನನ್ನ ಪಕ್ಕದಲ್ಲೇ ಇದ್ದಳು. ರಂಗೋಲಿ ತಂಡದ ಮುಖ್ಯಸ್ಥೆ, ಗಟ್ಟಿಗಿತ್ತಿ. ಅವಳ ಕೈಗೆ ಆ್ಯಸಿಡ್ ಗಾಳಿಯನ್ನು ಸೋಸುವ ಮುಖವಾಡ ಕೊಟ್ಟು, "ಗೇಟಿಂದ ಸುತ್ತಿ ಗೋಡೆ ಆಚೆಗೆ ಹೋಗು. ಕಾಲುವೆಗೆ ಮಣ್ಣು ಹಾಕಿ ಅಡ್ಡಕಟ್ಟು. ಹೂವಮ್ಮನ್ನ ಕರ್ಕೋ. ಒದ್ದೆ ಆಗಿರೋದು ಯಾವುದನ್ನೂ ಮುಟ್ಟಬೇಡ" ಅಂದೆ.

"ನೀವು ಎಲ್ಗೆ ಮೇಡಂ, ಸೀರೆಲಿ?"

"ಸೀರೆ ಮನೆ ಹಾಳಾಗ್ಲಿ, ಓಡು ನೀನು!"

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಉಸಿರಾಡುವ ಸೆಟ್ಟು ನಮ್ಮಲ್ಲಿ ಎರಡೇ ಇದ್ದದ್ದು. ಒಂದು ನನಗೆ, ಇನ್ನೊಂದು ಫಿಟ್ಟರಿಗೆ. ಫಿಟ್ಟರ್ ನಿವೃತ್ತಿಗೆ ಹತ್ತಿರವಾದವರು. ಅವರ ಟೂಲ್‌ಬಾಕ್ಸಿನ ಮುಚ್ಚಳದೊಳಗೆ ಬುದ್ಧನ ಚಿತ್ರ ಅಂಟಿಸಿರುತ್ತದೆ. ಅಂದು ಬೆಳಿಗ್ಗೆ, "ನಮ್ ಸ್ಪ್ಯಾನರ್‌ಗೂ ಒಂದು ಹೂ ಮಡಗ್ರಪ್ಪ" ಎಂದು ಅದನ್ನೂ ಪೂಜೆಯ ಸಾಲಿಗೆ ತಂದಿಟ್ಟು ನಗಿಸಿದ್ದರು. ನಾನು ಸೀರೆಯನ್ನು ಕಚ್ಚೆ ಹಾಕಿ ಮೇಲಕ್ಕೆ ಸಿಕ್ಕಿಸಿ, ಅದರ ಮೇಲೆಯೇ ರಬ್ಬರಿನ ಸೂಟು ಎಳೆದುಕೊಂಡೆ. ಬಳೆಗಳನ್ನು ಕಿತ್ತು ಯಾರ ಕೈಗೋ ಕೊಟ್ಟೆ. ಫಿಟ್ಟರ್ ನನ್ನ ಮುಖವಾಡದ ಪಟ್ಟಿ ಬಿಗಿದರು, ನಾನು ಅವರದ್ದು ಬಿಗಿದೆ, ಇಬ್ಬರೂ ಸಿಲಿಂಡರಿನ ಮುಳ್ಳು ನೋಡಿ ಹೆಬ್ಬೆರಳು ಎತ್ತಿದೆವು. ಒಬ್ಬರೇ ಹೋಗಕೂಡದು, ಒಬ್ಬರಿಗೊಬ್ಬರು ಕಣ್ಣಿಗೆ ಕಾಣುತ್ತಿರಬೇಕು ಎಂಬುದು ನಿಯಮ.

ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಆದರೆ ಭಯಕ್ಕಿಂತ ಹೆಚ್ಚಾಗಿ ಮೈಯಲ್ಲಿ ಏನೋ ಒಂದು ಕುಣಿಯುತ್ತಿತ್ತು. ಆರು ವರ್ಷ ಕಾಗದದ ಮೇಲೆ, ಬೋರ್ಡಿನ ಮೇಲೆ ಬರೆದದ್ದೆಲ್ಲ ಈಗ ಕೈಕಾಲಿಗೆ ಇಳಿದಿತ್ತು. ಹೇಳಲು ನಾಚಿಕೆಯಾದರೂ ಸತ್ಯ: ನನ್ನದೇ ತಪ್ಪಿನಿಂದ ಸುರಿಯುತ್ತಿದ್ದ ಆ ಆ್ಯಸಿಡ್ಡಿನ ಕಡೆಗೆ ನಾನು ಉತ್ಸಾಹದಿಂದ ಓಡಿದೆ.

ಮೊದಲ ಕೆಲಸ ಕಟ್ಟೆಯ ವಾಲ್ವು ಮುಚ್ಚುವುದು. ಅದರ ಗಾಲಿ ಕಟ್ಟೆಯ ಹೊರಮೈಯಲ್ಲಿದೆ. ನಾನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಳಿದ ಬಣ್ಣ ಗಾಲಿಯ ಸಂದಿಗೆಲ್ಲ ಇಳಿದು ಒಣಗಿ ಅಂಟಾಗಿತ್ತು. ಫಿಟ್ಟರ್ ನನ್ನನ್ನು ಭುಜದಿಂದ ಸರಿಸಿ, ಪೈಪ್ ರೆಂಚಿನ ಬಾಯಿಗೆ ಗಾಲಿಯ ಕಡ್ಡಿ ಸಿಕ್ಕಿಸಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲ್ಲಾಡಿಸಿದರು. ನೇರ ಬಲಕ್ಕೇ ಜಗ್ಗಿದರೆ ಮುರಿಯುತ್ತದೆ, ಮೊದಲು ಸಡಿಲ ಮಾಡಬೇಕು. ಮೂರನೆಯ ಸಲಕ್ಕೆ ಬಣ್ಣ ಚಕ್ಕೆಯಾಗಿ ಎದ್ದು ಗಾಲಿ ತಿರುಗಿತು. ಒಂದು ಸುತ್ತು, ಎರಡು, ಐದು, ಎಂಟು. ಚರಂಡಿಗೆ ಬೀಳುತ್ತಿದ್ದ ಧಾರೆ ದಾರದಷ್ಟಾಯಿತು, ಹನಿಯಾಯಿತು, ನಿಂತಿತು. ಮುಖವಾಡದೊಳಗೆ ನಾನು 'ಹೋ' ಎಂದು ಕೂಗಿದ್ದು ನನಗೊಬ್ಬಳಿಗೇ ಕೇಳಿಸಿತು.

ಎರಡನೆಯದು ಟ್ಯಾಂಕಿನ ತೂತು. ಇಂಥ ಹೊತ್ತಿಗೆಂದೇ ಮರದ ಮೊನಚು ಗೂಟಗಳನ್ನು ಇಟ್ಟುಕೊಂಡಿರುತ್ತೇವೆ. ಗೂಟಕ್ಕೆ ರಬ್ಬರಿನ ಪಟ್ಟಿ ಸುತ್ತಿಕೊಂಡು ಕಟ್ಟೆಯೊಳಗೆ ಇಳಿದೆವು. ವಾಲ್ವು ಮುಚ್ಚಿದ್ದರಿಂದ ಈಗ ಗಂಬೂಟಿನ ಪಾದ ಮುಳುಗುವಷ್ಟು ಆ್ಯಸಿಡ್ ನಿಂತಿತ್ತು. ಬಿಳಿ ಹೊಗೆಯಲ್ಲಿ ಫಿಟ್ಟರ ಸೊಂಟದಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ. ನಾನು ಒಂದು ಪ್ಲಾಸ್ಟಿಕ್ ಹಲಗೆಯನ್ನು ಧಾರೆಗೆ ಅಡ್ಡ ಹಿಡಿದೆ, ಅವರ ಎದೆಗೆ ಎರಚದಿರಲೆಂದು. ಅವರು ಬಿದ್ದಿದ್ದ ಬಾಳೆಕಂದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ಅದರ ದಾರ ಇನ್ನೂ ನಳಿಗೆಗೆ ಕಟ್ಟಿಕೊಂಡೇ ಇತ್ತು. ನಿಂತು ನೋಡಿದರು. ಮುಖವಾಡದೊಳಗಿಂದ ಅವರ ದನಿ ಡಬ್ಬದಲ್ಲಿ ಮಾತಾಡಿದ ಹಾಗೆ ಬಂತು.

"ಇದ್ಯಾವ ಪುಣ್ಯಾತ್ಮ ಕಟ್ಟಿದ್ದು ಇಲ್ಗೆ?"

"ನಾನೇ ಕಣ್ರೀ ಕಟ್ಟಿಸಿದ್ದು!" ಎಂದು ಕಿರುಚಿದೆ.

ಅವರು ಅಂಗೈ ಚಾಚಿದರು. "ಸರಿ ಬುಡಿ. ಗೂಟ ಕೊಡಿ."

ಸುತ್ತಿಗೆ ಅವರ ಸೊಂಟದಲ್ಲೇ ಇತ್ತು, ಆದರೆ ಅವರು ಅದನ್ನು ಮುಟ್ಟಲಿಲ್ಲ. ಫೈಬರಿಗೆ ಏಟು ಬಿದ್ದರೆ ಸೀಳು ಓಡುತ್ತದೆ, ಹೆಬ್ಬೆರಳಿನ ತೂತು ಬಾಗಿಲಾಗುತ್ತದೆ. ಗೂಟವನ್ನು ಅಂಗೈಯಲ್ಲಿಟ್ಟು, ಧಾರೆಗೆ ಎದುರಾಗಿ ಒತ್ತಿ, ಹಪ್ಪಳದ ಹಿಟ್ಟು ನಾದುವವರ ಹಾಗೆ ಮೈಭಾರ ಬಿಟ್ಟು ತಿರುಗಿಸುತ್ತಲೇ ಹೋದರು. ಮೊದಲನೆಯ ಗೂಟ ತೀರ ಸಣ್ಣದಾಯಿತು, ಧಾರೆಯೇ ಅದನ್ನು ಉಗುಳಿಬಿಟ್ಟಿತು. ಎರಡನೆಯದು ಕೂತಿತು. ಸುತ್ತಲೂ ಹನಿ ಜಿನುಗುತ್ತಿತ್ತು. ಆದರೆ ಧಾರೆ ನಿಂತಿತು.

ಹೊರಬಂದು, ಸೂಟಿನ ಮೇಲೆಯೇ ಷವರಿನಡಿ ನಿಂತು, ಮುಖವಾಡ ತೆಗೆದೆ. ಟ್ಯಾಂಕು ಹಿಡಿತಕ್ಕೆ ಬಂದಿತ್ತು. ಕಟ್ಟೆಯೊಳಗಿನದ್ದನ್ನು ಆ್ಯಸಿಡ್ ಪಂಪಿನಿಂದ ಬೇರೆ ಟ್ಯಾಂಕಿಗೆ ಎತ್ತಿದರಾಯಿತು. ಅದನ್ನು ಫಿಟ್ಟರಿಗೆ ಬಿಟ್ಟೆ. ಚಿಂತೆ ಉಳಿದದ್ದು ಆಗಲೇ ಚರಂಡಿಗೆ ಇಳಿದಿದ್ದ ಆ್ಯಸಿಡ್ಡಿನದು. ಹತ್ತು ನಿಮಿಷ ಹರಿದಿತ್ತು. ಧಾರೆಯ ಗಾತ್ರ ನೋಡಿದರೆ ಸುಮಾರು ಇನ್ನೂರು ಲೀಟರ್.

ಗೋಡೆಯ ಹತ್ತಿರ ಓಡಿದೆ. ಆಚೆಯಿಂದ ರಂಗೋಲಿಯವಳು ಕೂಗಿದಳು: "ಮೇಡಂ, ಅಡ್ಡಕಟ್ಟಿವಿ! ಆದ್ರೆ ಸ್ವಲ್ಪ ಆಚೆ ಬಂದ್ಬುಟ್ಟಿತ್ತು! ಮಣ್ಣು ಬುಸುಬುಸು ಅಂತು!"

ಮಣ್ಣಿನ ಒಡ್ಡು ಕಟ್ಟಿದ್ದು ಅವಳೊಬ್ಬಳೇ ಅಲ್ಲ. ಅವಳು ಹೋಗುವ ಹೊತ್ತಿಗೆ ಹೂವಮ್ಮ ವಾಸನೆಗೇ ಎದ್ದು ಬಂದು ಗುದ್ದಲಿ ಹಿಡಿದು ನಿಂತಿದ್ದರಂತೆ. ಮೂಗಿಗೆ ಸೆರಗು ಸುತ್ತಿ, ಗಾಳಿಗೆ ಬೆನ್ನು ಕೊಟ್ಟು, ಹೇಳುವವರೆಗೂ ಕಾಯದೆ ಮಣ್ಣು ಎಳೆದಿದ್ದರು. ಹೊಂಡಕ್ಕೆ ಇನ್ನು ಹತ್ತು ಮಾರು ಇರುವಾಗ ಒಡ್ಡು ನಿಂತಿತ್ತು. ಆದರೆ ಅದು ಸಡಿಲ ಮಣ್ಣು. ಅದರ ಹಿಂದೆ ಗೋಡೆಯಿಂದ ಈಚೆಗೂ ಚರಂಡಿಯ ತುಂಬ ಆ್ಯಸಿಡ್ ನಿಂತಿತ್ತು. ಹೆಚ್ಚು ಹೊತ್ತು ತಡೆಯುವಂಥದ್ದಲ್ಲ.

ಅಷ್ಟರಲ್ಲಿ ಮ್ಯಾನೇಜರ್ ನಾಲ್ಕು ಜನರನ್ನು ಕಟ್ಟಿಕೊಂಡು ಬೆಂಕಿ ಆರಿಸುವ ದೊಡ್ಡ ಮೆದುಗೊಳವೆ ಎಳೆದು ತರುತ್ತಿದ್ದರು.

"ಸರೀರಿ ಮೇಡಂ, ತೊಳೆದುಬಿಡೋಣ. ನೀರು ಬಿಟ್ರೆ ತೆಳ್ಳಗಾಗಿ ಹೋಗತ್ತೆ. ವಾಸನೆ ಇರಬಾರದು, ಫೈರಿನೋರು ಬರೋ ಹೊತ್ತಿಗೆ ಕ್ಲೀನಾಗಿರಬೇಕು."

ಅವರು ನನಗಿಂತ ಮೇಲಿನವರು. ಅವರ ಮಾತು ಕೇಳಲು ಸರಿಯಾಗಿಯೂ ಇತ್ತು. ಮೈಮೇಲೆ ಆ್ಯಸಿಡ್ ಬಿದ್ದರೆ ನೀರು, ಕಣ್ಣಿಗೆ ಬಿದ್ದರೆ ನೀರು ಎಂದು ಕಲಿಸಿಕೊಟ್ಟವಳೇ ನಾನು. ಆದರೆ ಈ ಚರಂಡಿಗೆ ನೀರು ಬಿಟ್ಟರೆ ಆ್ಯಸಿಡ್ ತೆಳ್ಳಗಾಗುವ ಮೊದಲು ಮಟ್ಟ ಏರುತ್ತದೆ, ಒಡ್ಡು ಒಡೆಯುತ್ತದೆ. ನಮ್ಮ ಅಂಗಳ ಕ್ಲೀನು, ಆಚೆಯ ಹೊಂಡ ಹಾಳು. ನಾನು ಮೆದುಗೊಳವೆಯ ಮೇಲೆ ಗಂಬೂಟಿನ ಕಾಲಿಟ್ಟು ನಿಂತೆ.

"ಬೇಡ ಸಾರ್. ಒಂದು ಚೆಂಬು ನೀರೂ ಬೇಡ. ಎಲ್ಲಿದೆಯೋ ಅಲ್ಲೇ ಸಾಯಿಸ್ತೀನಿ ಅದನ್ನ."

"ಏನ್ರೀ, ಕಾಲು ತೆಗೀರಿ!"

"ತೆಗೆಯಲ್ಲ ಸಾರ್. ಆಮೇಲೆ ಮೆಮೋ ಕೊಡಿ, ತಗೋತೀನಿ."

ಅವರು ನನ್ನ ಮುಖ ನೋಡಿ, ಮೆದುಗೊಳವೆ ಕೆಳಗಿಡುವಂತೆ ಜೊತೆಯವರಿಗೆ ಸನ್ನೆ ಮಾಡಿದರು. ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು.

ಆ್ಯಸಿಡ್ಡನ್ನು ನಿಂತಲ್ಲೇ ಸಾಯಿಸಲು ಸುಣ್ಣ ಬೇಕು. ನೀರು ಶುದ್ಧೀಕರಣಕ್ಕೆಂದು ನನ್ನ ಘಟಕದಲ್ಲಿ ಯಾವಾಗಲೂ ಹತ್ತು ಹನ್ನೆರಡು ಮೂಟೆ ಸುಣ್ಣದ ಪುಡಿ ಇರುತ್ತದೆ. ತರಿಸಲು ಕಳಿಸಿದೆ. ಬಂದದ್ದು ಅರ್ಧ ಮೂಟೆ.

"ಮಿಕ್ಕಿದ್ದು ಎಲ್ಲಿ?" ಎಂದು ಕೇಳಿದೆ. ಒಬ್ಬ ಮೆಲ್ಲಗೆ ಕಾಂಪೌಂಡ್ ಗೋಡೆಯ ಕಡೆ ಕೈ ತೋರಿಸಿದ. ಗೋಡೆ ಹಾಲಿನಂತೆ ಬೆಳ್ಳಗಿತ್ತು. ಹಬ್ಬಕ್ಕೆಂದು ನನ್ನ ಸುಣ್ಣವನ್ನೆಲ್ಲ ಕಲಸಿ ಬಳಿದಿದ್ದರು. ಎರಡು ದಿನದಿಂದ ಆ ಗೋಡೆಯನ್ನು ನೋಡಿ, 'ಎಷ್ಟು ಚೆನ್ನಾಗಿ ಕಾಣುತ್ತೆ' ಎಂದು ನಾನೇ ಹೊಗಳಿದ್ದೆ. ಈಗ ಗೋಡೆ ಕೆರೆದು ಸುಣ್ಣ ಕೂಡಿಸಲೇ? ಅಂಗಡಿಯಿಂದ ತರಿಸಲೇ? ಹಬ್ಬದ ದಿನ ಯಾವ ಅಂಗಡಿ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಅರ್ಧ ಮೂಟೆಯನ್ನು ಒಡ್ಡಿನ ಬುಡಕ್ಕೆ ಹಾಕಿ ಬಾ ಎಂದು ಅವನಿಗೇ ಮುಖವಾಡ ಕೊಟ್ಟು ಕಳಿಸಿದೆ. ಮಿಕ್ಕ ಚರಂಡಿಗೆ ಏನೂ ಇರಲಿಲ್ಲ.

ಆಗ ಅಂಗಳದ ಆ ಮೂಲೆ ಕಣ್ಣಿಗೆ ಬಿತ್ತು. ಸ್ಪರ್ಧೆಗೆಂದು ತಂದಿಟ್ಟ ರಂಗೋಲಿ ಪುಡಿ, ಬಿಳಿಯದು ಐದು ಮೂಟೆ, ಹೊಲಿಗೆ ಸಹ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಬಣ್ಣದ ಪೊಟ್ಟಣಗಳು.

ರಂಗೋಲಿ ಪುಡಿ ಎಂದರೆ ಕಲ್ಲಿನ ಪುಡಿ. ಯಾವ ಕಲ್ಲು ಎನ್ನುವುದೇ ಪ್ರಶ್ನೆ. ಬೆಣಚುಕಲ್ಲಿನದ್ದಾದರೆ ಆ್ಯಸಿಡ್ಡಿಗೆ ಸುರಿದರೂ ಮರಳು ಸುರಿದ ಹಾಗೆ, ಏನೂ ಆಗದು. ಅಮೃತಶಿಲೆಯ ಜಾತಿಯ ಸುಣ್ಣಕಲ್ಲಿನದ್ದಾದರೆ ಅದೇ ನನಗೆ ಬೇಕಾದ ಮದ್ದು. ಆಗ ತಾನೇ ಗೋಡೆಯಾಚೆಯಿಂದ ಏದುಸಿರು ಬಿಡುತ್ತ ಬಂದ ರಂಗೋಲಿಯವಳನ್ನು ಹಿಡಿದು ಕೇಳಿದೆ.

"ಈ ಪುಡಿ ಎಲ್ಲಿದು?"

"ದೇವರಾಜ ಮಾರ್ಕೆಟ್ಟು ಮೇಡಂ. ಹೋದ್ಸಲದ್ದು ಮರಳು ಮರಳಾಗಿತ್ತು, ಎಳೆ ಬರ್ಲಿಲ್ಲ. ಅದ್ಕೆ ಈ ಸಲ ಬಿಳಿಕಲ್ಲಿಂದು ಕೇಳಿ ತಂದಿವ್ನಿ. ಜಾಸ್ತಿನೇ ಕೊಟ್ಟೆ. ಯಾಕೆ?"

ಉತ್ತರ ಕೊಡುವಷ್ಟು ತಾಳ್ಮೆ ಇರಲಿಲ್ಲ. ಒಂದು ಚಿಟಿಕೆ ಪುಡಿಯನ್ನು ಗಾಜಿನ ತಟ್ಟೆಯ ಮೇಲೆ ಹಾಕಿ, ಚರಂಡಿಯ ಆ್ಯಸಿಡ್ಡನ್ನು ಡ್ರಾಪರಿನಲ್ಲಿ ಎತ್ತಿ ಒಂದೇ ಒಂದು ತೊಟ್ಟು ಬಿಟ್ಟೆ. ಚುಂಯ್ ಎಂದು ನೊರೆ ಎದ್ದು ಪುಡಿ ಕರಗಿತು. ನಾನು ಕುಣಿದೆ. ಉತ್ಪ್ರೇಕ್ಷೆಯಲ್ಲ, ಗಂಬೂಟು, ರಬ್ಬರ್ ಸೂಟು, ಒಳಗೆ ರೇಷ್ಮೆ ಸೀರೆ ಸಮೇತ ಎರಡು ಸಲ ನೆಗೆದೆ. ಮ್ಯಾನೇಜರ್ ನನಗೆ ಆ್ಯಸಿಡ್ ತಲೆಗೇರಿತೆಂದು ತಿಳಿದಿರಬೇಕು.

ಅಂಗೈಯಲ್ಲೇ ಲೆಕ್ಕ ಮಾಡಿದೆ. ಇನ್ನೂರು ಲೀಟರಿಗೆ ಸುಮಾರು ನೂರು ಕೆಜಿ ಪುಡಿ. ಇಪ್ಪತ್ತೈದರ ಮೂಟೆ ನಾಲ್ಕು. ಐದು ಇದ್ದವು. ರಂಗೋಲಿಯವಳು ಮೂಟೆಗಳನ್ನೊಮ್ಮೆ, ಬರೆದಿಟ್ಟ ಚೌಕವನ್ನೊಮ್ಮೆ ನೋಡಿದಳು.

"ನವಿಲು ಬುಡೋಣ ಅಂತಿದ್ದೆ" ಅಂದಳು. ಮರುಕ್ಷಣ ತಾನೇ ಮೊದಲ ಮೂಟೆಯ ಹೊಲಿಗೆ ಹಲ್ಲಿನಲ್ಲಿ ಕಿತ್ತಳು.

ಮುಖವಾಡ ಹಾಕಿಕೊಂಡ ನಾಲ್ಕೇ ಜನ, ಗಾಳಿ ಬರುವ ಕಡೆ ನಿಂತು, ಅಂಚಿನಿಂದ ಒಳಕ್ಕೆ, ಒಂದೊಂದೇ ಡಬ್ಬ. ಒಟ್ಟಿಗೆ ಸುರಿದರೆ ನೊರೆ ಉಕ್ಕಿ ಅದರ ಜೊತೆ ಆ್ಯಸಿಡ್ಡೇ ಹೊರಕ್ಕೆ ಎರಚುತ್ತದೆ. ಹಾಲು ಉಕ್ಕುವಾಗ ಹೇಗೆ ಒಲೆ ತಗ್ಗಿಸುತ್ತೇವೆಯೋ ಹಾಗೆ ನೊರೆ ಏರಿದರೆ ಕೈ ನಿಲ್ಲಿಸುವುದು, ಇಳಿದರೆ ಮತ್ತೆ ಹಾಕುವುದು, ಉದ್ದ ಹಿಡಿಯ ಪ್ಲಾಸ್ಟಿಕ್ ಗೋರೆಯಿಂದ ಕಲಸುವುದು. ಪ್ರತಿ ಸಲವೂ ಪಿಎಚ್ ಕಾಗದ ಅದ್ದಿ ನೋಡಿದೆ. ಆ್ಯಸಿಡ್ ಇದ್ದರೆ ಕಾಗದ ಕೆಂಪು, ಸತ್ತಿದ್ದರೆ ಹಸಿರು. ಮೊದಲ ಮೂಟೆ ಮುಗಿಯಿತು, ರಕ್ತಗೆಂಪು. ಎರಡನೆಯದು ಮುಗಿಯಿತು, ಇನ್ನೂ ಕೆಂಪು. "ಮೇಡಂ, ಲೆಕ್ಕ ಸರಿ ಐತಾ?" ಎಂದು ಯಾರೋ ಕೇಳಿದರು. ಮೂರನೆಯದರ ಕೊನೆಗೆ ಕಿತ್ತಳೆ. ನಾಲ್ಕನೆಯದರ ಅರ್ಧಕ್ಕೆ ಹಳದಿ. ಆಮೇಲೆ ನೊರೆ ಸಣ್ಣಗಾಯಿತು, ಪುಡಿ ತಳದಲ್ಲಿ ಸುಮ್ಮನೆ ಕೂರತೊಡಗಿತು. ಕಾಗದ ಅದ್ದಿ ಎತ್ತಿದೆ. ಗರಿಕೆಯ ಹಸಿರು.

ಇಡೀ ಗುಂಪು ಬೆಟ್ಟದ ಕಡೆಯ ಗೇಟಿನಿಂದಲೇ ಚಪ್ಪಾಳೆ ಹೊಡೆಯಿತು. ಅಷ್ಟರಲ್ಲಿ ಬಂದ ಅಗ್ನಿಶಾಮಕದವರು, ಚರಂಡಿಯ ತುಂಬ ಬಿಳಿ ಗಂಜಿ ನೋಡಿ, ಇದೇನು ಎಂದು ಕೇಳಿದರು. "ರಂಗೋಲಿ ಸಾರ್" ಎಂದರು ನಮ್ಮ ಮ್ಯಾನೇಜರ್, ಬಹಳ ಗಂಭೀರವಾಗಿ. ಮಾಲಿನ್ಯ ನಿಯಂತ್ರಣದವರಿಗೂ ಅವರೇ ಫೋನ್ ಮಾಡಿ, ಆ್ಯಸಿಡ್ ಗೋಡೆಯಾಚೆ ಹೋದದ್ದನ್ನು ಮುಚ್ಚಿಡದೆ ಹೇಳಿದರು. ಆ ಗಂಜಿಯನ್ನೆಲ್ಲ ನನ್ನ ಘಟಕದ ತೊಟ್ಟಿಗೆ ಎತ್ತಿದೆವು.

ಐದನೆಯ ಮೂಟೆ ಹೊತ್ತುಕೊಂಡು ಗೋಡೆಯಾಚೆ ಹೋದೆವು. ಒಡ್ಡಿನ ಹಿಂದಿನ ಒದ್ದೆ ಮಣ್ಣಿಗೆಲ್ಲ ಪುಡಿ ಕಲಸಿ, ಆ ಮಣ್ಣನ್ನು ಅಗೆದು ಡ್ರಮ್ಮಿಗೆ ತುಂಬಿದೆವು. ಹೂವಮ್ಮ ಹೊಂಡದ ದಡದಲ್ಲಿ ಎರಡೂ ಹಸುಗಳ ಹಗ್ಗವನ್ನು ಗಿಡ್ಡಕ್ಕೆ ಹಿಡಿದು ನಿಂತಿದ್ದರು. ಬಿಸಿಲಿಗೆ ಹಸುಗಳು ನೀರಿನ ಕಡೆ ಜಗ್ಗುತ್ತಿದ್ದವು.

"ಏನಾಯ್ತು ಸಾಮಿ? ಯಾರ್ ಮಾಡಿದ್ದು?" ಎಂದು ಮ್ಯಾನೇಜರನ್ನು ಕೇಳಿದರು.

"ಏನಿಲ್ಲಮ್ಮ, ಪೈಪು ಹಳೇದಾಗಿತ್ತು..." ಎಂದು ಅವರು ಶುರುಮಾಡಿದರು.

"ಪೈಪು ಹಳೇದಲ್ಲ. ಅದಕ್ಕೆ ಬಾಳೆಕಂದು ಕಟ್ಟಿಸಿದ್ದು ನಾನಮ್ಮ" ಅಂದೆ. "ನನ್ನ ತಪ್ಪು."

ಹೂವಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಹಗ್ಗವನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡರು. ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಹೊಂಡದ ನಾಲ್ಕೂ ಮೂಲೆಯಲ್ಲಿ, ನಡುವಿನಲ್ಲಿ ಕೋಲಿಗೆ ಕಟ್ಟಿ, ಕಾಗದ ಅದ್ದಿ ಅದ್ದಿ ನೋಡಿದೆ. ಎಲ್ಲ ಹಸಿರು. ಒಂದು ತೊಟ್ಟೂ ಸೇರಿರಲಿಲ್ಲ. ಕಾಗದಗಳನ್ನು ಸಾಲಾಗಿ 'ನೋಡಿ' ಎಂದು ಅವರ ಮುಂದೆ ಹಿಡಿದೆ.

"ಆ ಕಾಗ್ದ ನಂಗೇನ್ ಗೊತ್ತಾದದು? ಕೈ ಮಡಗು."

ಕೈಗವಸು ಕಳಚಿ, ಬಲಗೈಯನ್ನು ಮೊಣಕೈವರೆಗೂ ನೀರಿಗಿಟ್ಟೆ. ಕಾಗದ ಸುಳ್ಳು ಹೇಳದೆಂದು ನನಗೆ ಗೊತ್ತು. ಆದರೂ ಕಣ್ಣು ಕೈಯ ಮೇಲೇ ಇತ್ತು. ಅವರು ಸಾಕು ಎನ್ನುವವರೆಗೂ ತೆಗೆಯಲಿಲ್ಲ.

"ಈಗ ಬಿಡ್ತೀರಾ ಹಸುನ?"

"ಇಲ್ಲ ಕಣವ್ವ. ಅದು ಬಿದ್ದ ತಕ್ಸಣ ತೋರಾಕಿಲ್ಲ, ಆಮ್ಯಾಕೆ ಸುಡ್ತದೆ ಅಂತ ಕೇಳಿವ್ನಿ. ನಿನ್ ಕಾಗ್ದ ನಿಂದು, ನನ್ ಹಸ ನಂದು. ನಾಳೀಕೆ ಬಾ. ಆ ಕೈ ತೋರ್ಸು. ಆಮ್ಯಾಕೆ ನೋಡುಮಾ."

ಅಂದು ಹಸುಗಳಿಗೆ ನಮ್ಮ ಕ್ಯಾಂಟೀನಿನಿಂದ ಡ್ರಮ್ಮಿನಲ್ಲಿ ಕುಡಿಯುವ ನೀರು ಹೊತ್ತು ಹಾಕಿಸಿದೆವು. ಪೂಜೆ ಸಂಜೆ ನಾಲ್ಕಕ್ಕೆ ನಡೆಯಿತು, ರಂಗೋಲಿಯಿಲ್ಲದೆ. ನಾನು ಮನೆಗೆ ಹೋಗಿ, ಬೆವರಿಗೆ ತೊಯ್ದು ಮುದ್ದೆಯಾದ ಸೀರೆಯನ್ನು ಅಮ್ಮನ ಮುಂದಿಟ್ಟು, ಊಟವನ್ನೂ ಮಾಡದೆ ನಿದ್ದೆಹೋದೆ.

ಮರುದಿನ ವಿಜಯದಶಮಿ. ಜಂಬೂಸವಾರಿ ನೋಡಲು ಇಡೀ ಜಿಲ್ಲೆಯೇ ಊರೊಳಗೆ ನುಗ್ಗುತ್ತಿತ್ತು. ನಂಜನಗೂಡಿನ ಕಡೆಯಿಂದ ಬಸ್ಸುಗಳು ಬಾಗಿಲಲ್ಲಿ ಜನ ಜೋತುಬಿದ್ದು ಬರುತ್ತಿದ್ದವು. ನಾನು ಅವುಗಳಿಗೆ ಎದುರಾಗಿ ಸ್ಕೂಟರಿನಲ್ಲಿ ಕಡಕೊಳಕ್ಕೆ ಹೋದೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಬಲಗೈ ನೋಡಿಕೊಳ್ಳುತ್ತಿದ್ದೆ.

ಹೂವಮ್ಮ ಸೇವಂತಿಗೆಯ ಸಾಲಿನಿಂದ ಎದ್ದು ಬಂದರು. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಅಂಗೈ ನೋಡಿದರು, ಮಗುಚಿ ನೋಡಿದರು, ಬೆರಳು ಬಿಡಿಸಿ ಸಂದಿಗಳನ್ನು ನೋಡಿದರು, ಹೆಬ್ಬೆರಳಿನಿಂದ ಮಣಿಕಟ್ಟಿನ ಚರ್ಮ ಉಜ್ಜಿದರು, ಕೊನೆಗೆ ಮೂಸಿದರು. ನನ್ನ ಕೆಲಸವನ್ನು ಎಷ್ಟೋ ಜನ ತಪಾಸಣೆ ಮಾಡಿದ್ದಾರೆ. ಉಸಿರು ಬಿಗಿಹಿಡಿದು ನಿಂತದ್ದು ಅವರ ಮುಂದೆ ಮಾತ್ರ.

ಅವರು ನನ್ನ ಕೈ ಬಿಟ್ಟು, ಹೋಗಿ ಹಸುಗಳ ಹಗ್ಗ ಬಿಚ್ಚಿದರು. ಅವು ಹೊಂಡಕ್ಕಿಳಿದು, ಮೂತಿ ತಗ್ಗಿಸಿ, ಕುಡಿಯತೊಡಗಿದವು.